ಅಂಜೂರದ ವಿಷ

ಪ್ರಾಚೀನ ರೋಮದ ಅರಸರನ್ನು ಕುರಿತ ಚಿತ್ರನಾಟಕಗಳಲ್ಲಿ ಶ್ರೇಷ್ಠವಾದುದು ಯಾವುದೆಂದು ಯಾರಾದರೂ ಕೇಳಿದರೆ, 1976ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ 'ಐ, ಕ್ಲಾಡಿಯಸ್' ಧಾರಾವಾಹಿಯನ್ನೇ ನಾವು ಹೆಸರಿಸುತ್ತೇವೆ. ರಾಬರ್ಟ್ ಗ್ರೇವ್ಸ್ 1934ರಲ್ಲಿ ಪ್ರಕಟಿಸಿದ ಎರಡು ಕಾದಂಬರಿಗಳು ಅದಕ್ಕೆ ಆಧಾರ. ಸೇನಾಸಮೂಹದ ಆಡಂಬರ ಅದರಲ್ಲಿಲ್ಲ. ನಾಲ್ಕು ಗೋಡೆಗಳ ನಡುವಣ ಮಾತುಕತೆಯಲ್ಲಿಯೇ ಒಂದು ಸಾಮ್ರಾಜ್ಯದ ಒಳಗುದಿಯೆಲ್ಲ ವ್ಯಕ್ತವಾಗುತ್ತದೆ.

ಅದರಲ್ಲಿ ಆಗಸ್ಟಸ್ ಚಕ್ರವರ್ತಿಯ ಮರಣದ ದೃಶ್ಯವನ್ನು ಕಂಡವರು ಮರೆಯಲಾರರು. ವಿಷದ ಭಯದಿಂದ ಆತ ಅರಮನೆಯ ಅಡುಗೆಯನ್ನು ತೊರೆದು, ತೋಟದ ಅಂಜೂರವನ್ನು ಸ್ವತಃ ಕಿತ್ತು ತಿನ್ನುತ್ತಿರುತ್ತಾನೆ. ಪತ್ನಿ ಲಿವಿಯಾ ಗಿಡದಲ್ಲಿರುವ ಹಣ್ಣಿಗೇ ವಿಷ ಸವರುತ್ತಾಳೆ. ಕ್ಯಾಮರಾ ಸಾಯುತ್ತಿರುವ ದೊರೆಯ ಮುಖದ ಮೇಲೆಯೇ ಬಹಳ ಹೊತ್ತು ನಿಲ್ಲುತ್ತದೆ; ಕೇಳಿಬರುವುದು ಆಕೆಯ ತಣ್ಣನೆಯ ಧ್ವನಿ. ಲಿವಿಯಾಳ ಪಾತ್ರ ವಹಿಸಿದ ಶಾನ್ ಫಿಲಿಪ್ಸ್ ಅವರ ಅಭಿನಯ ಅಸಾಧಾರಣವಾದುದು. ಆ ಅಭಿನಯವೇ ನಿಜವಾದ ಲಿವಿಯಾಳ ಪಾಲಿಗೆ ಮುಳುವಾಯಿತು.

ವಿದ್ಯಾರ್ಥಿಯೊಬ್ಬ ಈಚೆಗೆ ನಮ್ಮೊಡನೆ ಮಾತನಾಡುತ್ತ, ಆಗಸ್ಟಸನನ್ನು ಕೊಂದವಳು ಅವನ ಹೆಂಡತಿಯೇ ಎಂದು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂಬಷ್ಟು ಸಹಜವಾಗಿ ಹೇಳಿದ. "ಎಲ್ಲಿ ಓದಿದೆಯಪ್ಪಾ?" ಎಂದು ಕೇಳಿದರೆ, "ಓದಿಲ್ಲ, ನೋಡಿದ್ದೇನೆ" ಎಂದ.

ಗ್ರಂಥಗಳು ಹೇಳುವುದಾದರೂ ಏನು? ಆಗಸ್ಟಸ್ ತೀರಿಕೊಂಡದ್ದು ಕ್ರಿ.ಶ. 14ರ ಆಗಸ್ಟ್ 19ರಂದು, ನೋಲಾ ಪಟ್ಟಣದಲ್ಲಿ. ಎಪ್ಪತ್ತಾರು ತುಂಬಲು ಇನ್ನೊಂದು ತಿಂಗಳಿತ್ತು. ಲಿವಿಯಾಳೊಡನೆ ಆತನ ದಾಂಪತ್ಯ 51 ವರ್ಷಗಳದು; ಆಕೆಯ ತೋಳಿನಲ್ಲಿಯೇ ಆತ ಪ್ರಾಣಬಿಟ್ಟನೆಂದು ಸ್ಯುಟೋನಿಯಸ್ ಬರೆದಿದ್ದಾನೆ, ವಿಷದ ಸುಳಿವನ್ನೇ ಕೊಟ್ಟಿಲ್ಲ. ಸುಮಾರು ನೂರು ವರ್ಷಗಳ ತರುವಾಯ ಬರೆದ ಟ್ಯಾಸಿಟಸ್, ಕೆಲವರು ಪತ್ನಿಯನ್ನು ಶಂಕಿಸಿದರೆಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ. ಅಂಜೂರದ ಕಥೆ ಬರುವುದು ಇನ್ನೂ ತಡವಾಗಿ, ಇನ್ನೂರು ವರ್ಷಗಳ ಅನಂತರದ ಡಿಯೋ ಕ್ಯಾಸಿಯಸನ ಗ್ರಂಥದಲ್ಲಿ. ಅದೂ ಜನರ ಸಂಶಯವೆಂಬ ರೂಪದಲ್ಲಿ.

ಕನ್ನಡದಲ್ಲಿ 'ಅಂತೆ' ಎಂಬ ಪುಟ್ಟ ಪದವಿದೆ. 'ವಿಷ ಹಾಕಿದಳು' ಎಂಬುದಕ್ಕೂ 'ವಿಷ ಹಾಕಿದಳಂತೆ' ಎಂಬುದಕ್ಕೂ ಅಜಗಜಾಂತರ. ಆ ಹಳೆಯ ಚರಿತ್ರಕಾರರು, ಅವರಿಗೆ ಲಿವಿಯಾಳ ಮೇಲೆ ಎಷ್ಟೇ ಅಸಮಾಧಾನವಿರಲಿ, 'ಅಂತೆ'ಯನ್ನು ಬಿಟ್ಟುಕೊಡಲಿಲ್ಲ. ಚಿತ್ರದ ತೆರೆಗೆ ಆ ಪದವೇ ಇಲ್ಲ. ತೋರಿಸಿದ್ದೆಲ್ಲ ನಡೆದದ್ದೇ ಆಗಿಬಿಡುತ್ತದೆ.

ಆಗಸ್ಟಸನ ಅಳಿಯ ಮಾರ್ಸೆಲಸ್ ಕ್ರಿ.ಪೂ. 23ರಲ್ಲಿ ತೀರಿಕೊಂಡಾಗಲೂ ಆಕೆಯ ಹೆಸರು ಕೇಳಿಬಂತು. ಆದರೆ ಆ ವರ್ಷ ರೋಗರುಜಿನಗಳಿಂದ ಬಹುಜನ ಸತ್ತದ್ದರಿಂದ ಆ ಸಂಶಯ ನಿಲ್ಲದೆಂದು ಸ್ವತಃ ಡಿಯೋನೇ ಸೂಚಿಸಿದ್ದಾನೆ. ಮೊಮ್ಮಗ ಲೂಸಿಯಸ್ ಮಡಿದದ್ದು ದೂರದ ಮಾರ್ಸೇಲ್ಸ್‌ನಲ್ಲಿ, ಅವನ ಅಣ್ಣ ಗಾಯಸ್ ಯುದ್ಧದಲ್ಲಾದ ಗಾಯದಿಂದ ಲಿಸಿಯಾದಲ್ಲಿ. ಹೀಗೆ ವಾರಸುದಾರರು ಒಬ್ಬೊಬ್ಬರಾಗಿ ಅಳಿದು, ಲಿವಿಯಾಳ ಮೊದಲ ಮದುವೆಯ ಮಗ ಟೈಬೀರಿಯಸ್ ಪಟ್ಟವೇರಿದ. ಲಾಭ ಪಡೆದವಳು ಮಲತಾಯಿ. ಬಾಯಿಗೆ ಬೀಗ ಹಾಕುವವರು ಯಾರು?

ಲಿವಿಯಾ ಸಾಧ್ವೀಮಣಿಯೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆಕೆ ರಾಜಕಾರಣದಲ್ಲಿ ಪಳಗಿದವಳು. ಆಗಸ್ಟಸ್ ಸತ್ತೊಡನೆ ಅವನ ಕೊನೆಯ ಮೊಮ್ಮಗ ಅಗ್ರಿಪ್ಪಾ ಪೋಸ್ಟುಮಸ್‌ನ ಹತ್ಯೆಯಾಯಿತು. ಅಲ್ಲಿ ಕೊಲೆ ನಡೆದದ್ದು ನಿಶ್ಚಿತ, ಆಜ್ಞೆ ಯಾರದೆಂಬುದು ಮಾತ್ರ ಇಂದಿಗೂ ಚರ್ಚೆಯ ವಿಷಯ.

ಬೇರೆ ಚಿತ್ರಗಳೂ ಇದೇ ಜಾಡಿನವು. 1951ರ 'ಕ್ವೋ ವಾಡಿಸ್' ಚಿತ್ರದಲ್ಲಿ ನೀರೋ ತಾನೇ ರೋಮಿಗೆ ಬೆಂಕಿಯಿಡಿಸುತ್ತಾನೆ, ಕ್ರಿ.ಶ. 64ರ ಆ ಬೆಂಕಿ ಆಕಸ್ಮಿಕವೋ ದೊರೆಯ ಕೃತ್ಯವೋ ನಿಶ್ಚಯವಿಲ್ಲವೆಂದೂ, ಅದು ಹೊತ್ತಿದಾಗ ನೀರೋ ಆಂಟಿಯಂ ಪಟ್ಟಣದಲ್ಲಿದ್ದನೆಂದೂ ಟ್ಯಾಸಿಟಸ್ ಹೇಳುತ್ತಾನೆ. 2000ದ 'ಗ್ಲಾಡಿಯೇಟರ್' ಚಿತ್ರವಂತೂ ಮಾರ್ಕಸ್ ಅರೇಲಿಯಸನನ್ನು ಮಗನ ಕೈಯಿಂದಲೇ ಉಸಿರುಗಟ್ಟಿಸಿ ಕೊಲ್ಲಿಸಿತು. ಆ ತಂದೆ 177ರಲ್ಲಿಯೇ ಮಗನನ್ನು ಸಹಚಕ್ರವರ್ತಿಯನ್ನಾಗಿ ಮಾಡಿಕೊಂಡಿದ್ದನೆಂಬ ಸಂಗತಿ ಅಲ್ಲಿ ಮಾಯ.

ಗ್ರೇವ್ಸ್‌ಗೆ ಒಂದು ಅನುಕೂಲವಿತ್ತು. ನಿಜವಾದ ಕ್ಲಾಡಿಯಸ್ ಎಂಟು ಸಂಪುಟಗಳಲ್ಲಿ ಆತ್ಮಚರಿತ್ರೆ ಬರೆದಿದ್ದ, ಅದು ನಷ್ಟವಾಗಿದೆ. ಆ ಬರಿದಾದ ಪೀಠದ ಮೇಲೆ ಕಾದಂಬರಿ ಕುಳಿತಿತು. ಅದರಲ್ಲಿ ಮುದುಕಿ ಲಿವಿಯಾ, ತನ್ನ ಪಾಪಗಳಿಗೆ ಪರಲೋಕದಲ್ಲಿ ಶಿಕ್ಷೆಯಾಗದಂತೆ ತನ್ನನ್ನು ದೇವತೆಯನ್ನಾಗಿ ಮಾಡೆಂದು ಮೊಮ್ಮಗ ಕ್ಲಾಡಿಯಸನಲ್ಲಿ ಅಂಗಲಾಚುತ್ತಾಳೆ. ಆಕೆ ತೀರಿಕೊಂಡದ್ದು ಕ್ರಿ.ಶ. 29ರಲ್ಲಿ. ದೇವತಾಪದವಿಯನ್ನು ಹೆತ್ತ ಮಗ ಟೈಬೀರಿಯಸ್ ನಿರಾಕರಿಸಿದ. 42ರಲ್ಲಿ ಕ್ಲಾಡಿಯಸ್ ದಯಪಾಲಿಸಿದ. ಇಷ್ಟು ಸತ್ಯ. ಆಗಸ್ಟಸನ ರಕ್ತಸಂತತಿಯಲ್ಲದ ಕ್ಲಾಡಿಯಸನಿಗೆ ದೇವತೆಯಾದ ಅಜ್ಜಿ ಸಿಂಹಾಸನದ ಬಲವೂ ಆಗಿದ್ದಳು. ಆ ಗೌರವವನ್ನು ಕಾದಂಬರಿಕಾರ ಅಪರಾಧಿಯ ಕ್ಷಮಾಪಣೆಯಾಗಿ ತಿರುಗಿಸಿಬಿಟ್ಟ.

ಈ ಅಪವಾದಗಳೆಲ್ಲ ಗ್ರಂಥಸ್ಥವಾಗುವ ಮೊದಲೇ ಮುದ್ರಿತವಾದ ಆಕೆಯ ಇನ್ನೊಂದು ರೂಪ ನಮ್ಮ ದೇಶಕ್ಕೂ ಬಂದಿತ್ತು. ದಕ್ಷಿಣ ಭಾರತದಲ್ಲಿ ದೊರೆತ ಟೈಬೀರಿಯಸನ ಬೆಳ್ಳಿಯ ನಾಣ್ಯಗಳಲ್ಲಿ ಬಹುಪಾಲಿನ ಹಿಂಬದಿಯಲ್ಲಿ, ಕೈಯಲ್ಲಿ ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಆಸೀನಳಾದ ಸ್ತ್ರೀಯೊಬ್ಬಳಿದ್ದಾಳೆ. ಆಕೆ ಶಾಂತಿದೇವತೆಯ ರೂಪದ ಲಿವಿಯಾ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿಯೂ ಟೈಬೀರಿಯಸನ ನಾಣ್ಯ ಸಿಕ್ಕಿದೆ.