ಮತ್ತೆ ಮೂಡಿದ ದನಿ

ಇಂಗ್ಲೆಂಡಿನ ಶರ್ಲಿ ಕಾಲಿನ್ಸ್ ಹೆಸರು ಕೇಳಿದ್ದೀರಾ? 1935ರಲ್ಲಿ ಸಸೆಕ್ಸಿನಲ್ಲಿ ಹುಟ್ಟಿದ ಈಕೆ, ಬಾಯಿಂದ ಬಾಯಿಗೆ ಬಂದ ಜನಪದ ಗೀತೆಗಳ ಗಾಯಕಿ. 1978ರ ಆಲ್ಬಮ್ಮಿನ ನಂತರ ದನಿ ಕೈಕೊಟ್ಟಿತು. ವೈದ್ಯರು ಇದಕ್ಕೆ ಡಿಸ್ಫೋನಿಯಾ ಎನ್ನುತ್ತಾರೆ. ಧ್ವನಿತಂತುಗಳು ಸರಿಯಾಗಿ ಕೂಡಿ ಕಂಪಿಸದಿದ್ದರೆ ಉಸಿರು ಹೊರಡುತ್ತದೆ, ಸ್ವರ ಹೊರಡದು. ಮುಂದಿನ ಆಲ್ಬಂ 'ಲೋಡ್‌ಸ್ಟಾರ್' ಬಂದದ್ದು 38 ವರ್ಷ ಕಳೆದು, 2016ರಲ್ಲಿ! ಆಗ ಅವರಿಗೆ 81. ಮನೆಯಲ್ಲೇ ಧ್ವನಿಮುದ್ರಣ. ಶ್ರುತಿ ತಗ್ಗಿದೆ, ದನಿ ಒರಟಾಗಿದೆ. ಸಾವು–ನೋವಿನ ಆ ಹಳೆಯ ಕಥನಗೀತೆಗಳಿಗೆ ಇದೇ ಒಪ್ಪುತ್ತದೆ ಎಂದು ನನ್ನ ಅನಿಸಿಕೆ.

ಹೈಸ್ಕೂಲು ಹುಡುಗರ ದನಿ ಒಡೆಯುವುದು ರೋಗವಲ್ಲ. ಧ್ವನಿತಂತು ಉದ್ದವಾಗಿ ದಪ್ಪವಾಗುತ್ತದೆ, ಅಷ್ಟೆ. 'ಕತ್ತೆ ದನಿ' ಎಂದು ನಕ್ಕು ಅವರ ಹಾಡು ನಿಲ್ಲಿಸಬೇಡಿ, ಪೋಷಕರೇ. ಕೆಳಗಿನ ಶ್ರುತಿಯಲ್ಲಿ ಹಾಡಿಸಿ, ಕಿರುಚಿಸಬೇಡಿ.