ಆರೋಗ್ಯ ವಿಚಾರ: ಹೃದಯದ ಶಸ್ತ್ರಕ್ರಿಯೆಯೂ ಶರೀರದ ತಂಪೂ

ತಾಯಿಯ ಗರ್ಭದಲ್ಲಿ ಮಿಡಿಯತೊಡಗಿ ಕಡೆಯ ಉಸಿರಿನವರೆಗೂ ವಿಶ್ರಾಂತಿಯನ್ನರಿಯದ ಅವಯವವು ಹೃದಯವೊಂದೇ. ಇಂತಹುದನ್ನು ನಿಲ್ಲಿಸಿ, ತೆರೆದು, ಸರಿಪಡಿಸಿ, ಮರಳಿ ನಡೆಯಿಸುವುದೆಂತು? ರಕ್ತಸಂಚಾರವು ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯು ತಟ್ಟುವುದಷ್ಟೆ. ಈ ತೊಡಕಿಗೆ ವೈದ್ಯರು ಕಂಡುಕೊಂಡ ಉಪಾಯಗಳಲ್ಲೊಂದು ರೋಗಿಯ ಶರೀರವನ್ನೇ ತಂಪುಗೊಳಿಸುವುದು.

ಒಲೆಯ ಉರಿಯನ್ನು ತಗ್ಗಿಸಿದರೆ ಸೌದೆಯು ಉಳಿಯುವುದನ್ನು ಗೃಹಿಣಿಯರು ಬಲ್ಲರು. ಶರೀರದ ರೀತಿಯೂ ಅದೇ. ಸಹಜವಾದ 37 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು 28ಕ್ಕೆ ಇಳಿಸಿದರೆ ಆಮ್ಲಜನಕದ ಬೇಡಿಕೆಯು ಸುಮಾರು ಅರ್ಧಕ್ಕಿಳಿಯುತ್ತದೆ. ಕೆನಡಾ ದೇಶದ ಟೊರಾಂಟೋ ನಗರದ ವೈದ್ಯ ವಿಲ್ಫ್ರೆಡ್ ಬಿಗೆಲೋ ಎಂಬವರು ನಾಯಿಗಳ ಮೇಲೆ ಇದನ್ನು ಪರೀಕ್ಷಿಸಿ 1950ರಲ್ಲಿ ಪ್ರಕಟಿಸಿದರು. 1952ನೆಯ ಸೆಪ್ಟೆಂಬರ್ 2ರಂದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾನ್ ಲೂಯಿಸ್ ಎಂಬ ಶಸ್ತ್ರವೈದ್ಯರು ಐದು ವರ್ಷದ ಬಾಲಿಕೆಯೊಬ್ಬಳನ್ನು ಹೀಗೆ ತಂಪುಗೊಳಿಸಿ, ಆಕೆಯ ಹೃದಯದಲ್ಲಿದ್ದ ರಂಧ್ರವನ್ನು ಹೊಲಿದು ಮುಚ್ಚಿದರು. ಮರುವರ್ಷ ಮೇ 6ರಂದು ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ ಎಂಬವರು, ಹೃದಯ ಶ್ವಾಸಕೋಶಗಳ ಕೆಲಸವನ್ನು ತಾನೇ ನಡೆಯಿಸುವ ಯಂತ್ರದ ನೆರವಿನಿಂದ ಇಂತಹುದೇ ರಂಧ್ರವನ್ನು ಮುಚ್ಚಿದರು. ಈಗ ಆ ಬಗೆಯ ಯಂತ್ರದ ಮೂಲಕವೇ ರಕ್ತವನ್ನು ತಂಪುಗೊಳಿಸಿ ಮತ್ತೆ ಕಾಯಿಸುವ ಅನುಕೂಲವಿದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಕಟ್ಟಿಕೊಂಡ ಹಳೆಯ ಹೆಪ್ಪನ್ನು ಬಿಡಿಸಿ ತೆಗೆಯುವ ಕ್ರಿಯೆಯಲ್ಲಿ ಶರೀರದ ಶಾಖವನ್ನು 20 ಡಿಗ್ರಿಯ ಸಮೀಪಕ್ಕಿಳಿಸಿ, ಒಂದು ಸಲಕ್ಕೆ 20 ನಿಮಿಷಗಳ ಮಿತಿಯಲ್ಲಿ ರಕ್ತಸಂಚಾರವನ್ನು ಪೂರ್ಣವಾಗಿ ನಿಲ್ಲಿಸುವುದೂ ಉಂಟು.

ಇದರಲ್ಲಿ ಕೊಬ್ಬಿನ ಮಾತೇಕೆಂದು ವಾಚಕರು ಕೇಳಬಹುದು. ಕೊಬ್ಬೆಂದರೆ ಉಗ್ರಾಣದಲ್ಲಿ ತುಂಬಿಟ್ಟ ಧಾನ್ಯದಂತೆ ಸುಮ್ಮನೆ ಬಿದ್ದಿರುವ ವಸ್ತುವೆಂಬ ಭಾವನೆಯು ಬಹುಜನರಲ್ಲಿದೆ. ಅದು ಸರಿಯಲ್ಲ. ಕೊಬ್ಬಿದ ಇಲಿಗಳ ನೆಣದಲ್ಲಿ ಉರಿಯೂತವನ್ನೆಬ್ಬಿಸುವ ರಸವೊಂದು ಹುಟ್ಟುವುದೆಂದೂ, ಅದು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುವುದೆಂದೂ 1993ರಲ್ಲಿ ತಿಳಿದುಬಂದಿತು. ಹೃದಯಕ್ಕೆ ಅಂಟಿಕೊಂಡಿರುವ ಕೊಬ್ಬಿನಲ್ಲಿ ಇಂತಹ ರಸಗಳು ಚರ್ಮದಡಿಯ ಕೊಬ್ಬಿನಲ್ಲಿರುವುದಕ್ಕಿಂತ ಹೆಚ್ಚಾಗಿರುವುದು, ಹೃದಯದ ರಕ್ತನಾಳಗಳ ಶಸ್ತ್ರಕ್ರಿಯೆಗೊಳಗಾದ ರೋಗಿಗಳನ್ನು ಪರೀಕ್ಷಿಸಿದಾಗ 2003ರಲ್ಲಿ ಕಂಡುಬಂದಿತು.

ಶಸ್ತ್ರಕ್ರಿಯೆಯ ಗಾಯದಿಂದಲೂ, ರಕ್ತವು ಯಂತ್ರದ ನಳಿಗೆಗಳನ್ನು ಸೋಕುವುದರಿಂದಲೂ ಮೈಯಲ್ಲೆಲ್ಲಾ ಉರಿಯೂತವು ಏಳುವುದು. ಇದರಲ್ಲಿ ಕೊಬ್ಬೂ ಪಾಲುಗೊಳ್ಳುವುದು. ಹಾಗಾದರೆ ತಂಪು ಈ ಉರಿಯನ್ನು ಆರಿಸಬಾರದೇ? ಇಲ್ಲಿಯೇ ವಿವೇಚನೆಯು ಬೇಕು. ತಂಪು ಜೀವಕೋಶಗಳ ವ್ಯವಹಾರವನ್ನೆಲ್ಲಾ ನಿಧಾನಗೊಳಿಸುವುದರಿಂದ ಉರಿಯೂತದ ಏರಿಕೆಯೂ ಅಷ್ಟುಹೊತ್ತು ತಡವಾಗುವುದು, ಅಳಿದುಹೋಗುವುದಿಲ್ಲ. ಬೂದಿಮುಚ್ಚಿದ ಕೆಂಡವು ಆರಿದ ಕೆಂಡವಲ್ಲವಷ್ಟೆ. ಶರೀರವು ಮರಳಿ ಬಿಸಿಯೇರಿ, ರಕ್ತವು ಅಂಗಾಂಗಗಳಿಗೆ ಮತ್ತೆ ಹರಿಯತೊಡಗಿದಾಗ ಅದು ತಲೆಯೆತ್ತುವುದು. ತಂಪು ಕೊಡುವುದು ಕಾಲಾವಕಾಶವನ್ನು. ಅದು ಉರಿಯೂತಕ್ಕೆ ಮದ್ದಲ್ಲ. ಬಿಸಿಮಾಡುವಾಗಲೂ ಅವಸರ ಸಲ್ಲದು. ರಕ್ತವು 37 ಡಿಗ್ರಿಯನ್ನು ಮೀರಿ ಕಾದರೆ ಮೆದುಳಿಗೆ ಅಪಾಯವಿರುವುದರಿಂದ ವೈದ್ಯರು ಶಾಖವನ್ನು ಮೆಲ್ಲಮೆಲ್ಲನೆ ಏರಿಸುವರು.

ಮನೆಯವರು ಇದರಿಂದ ತಿಳಿಯತಕ್ಕದ್ದೇನು? ಶಸ್ತ್ರಕ್ರಿಯೆಯಾದ ಬಳಿಕ ರೋಗಿಯ ಮುಖವು ಊದಿಕೊಂಡು ಕೈಕಾಲುಗಳು ತಣ್ಣಗಿರಬಹುದು. ಮಧುಮೇಹವಿಲ್ಲದವರಲ್ಲಿಯೂ ರಕ್ತದ ಸಕ್ಕರೆಯು ಏರಬಹುದು. ಕೆಲವು ದಿನ ಇನ್ಸುಲಿನ್ ಕೊಡಬೇಕಾಗಿ ಬರಬಹುದು. ಇದರಿಂದ ಹೊಸ ರೋಗವು ತಗಲಿತೆಂದು ಎದೆಗುಂದಬೇಕಾಗಿಲ್ಲ. ಸಕ್ಕರೆಯು ಇಳಿಯಿತೇ ಎಂಬುದನ್ನು ಮಾತ್ರ ಮುಂದೆಯೂ ಪರೀಕ್ಷಿಸಿಕೊಳ್ಳಬೇಕು. ಕೈಕಾಲು ತಣ್ಣಗಿವೆಯೆಂದು ಬಿಸಿನೀರಿನ ಚೀಲವನ್ನು ಒತ್ತುವುದು ಬೇಡ. ದಾದಿಯರಿಗೆ ತಿಳಿಸಿದರೆ ಸಾಕು. ಮನೆಗೆ ಬಂದಮೇಲೆ ಜ್ವರವು ಕಾಣಿಸಿದರೆ, ಗಾಯವು ಕೆಂಪೇರಿದರೆ ಅಥವಾ ಒಸರಿದರೆ, ಅದನ್ನು ಶಸ್ತ್ರಕ್ರಿಯೆಯ ಕಾವೆಂದು ಕಡೆಗಣಿಸದೆ ಅಂದೇ ವೈದ್ಯರಿಗೆ ತೋರಿಸಬೇಕು.