ಬಿಎಂಎಸ್ ತರಗತಿಯಲ್ಲಿ ಸಾಮಾಜಿಕ ಉದ್ಯಮ: ಅಂಕಕ್ಕೆ ಓದಿದರೆ ಸಾಕೇ?

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈನ ಕಾಲೇಜುಗಳಲ್ಲಿ ಬಿಎಂಎಸ್, ಬಿಬಿಎ ಓದುವ ಬಹುತೇಕ ಮಕ್ಕಳ ಗುರಿ ಒಂದೇ. ಪದವಿ ಮುಗಿದ ಕೂಡಲೇ ಲೋಕಲ್ ಹಿಡಿದು ಮುಂಬೈನ ಬ್ಯಾಂಕ್ ಅಥವಾ ಕಂಪನಿಯಲ್ಲಿ ಕೆಲಸಕ್ಕೆ ಸೇರುವುದು. ಈಗ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ಕ್ಷೇತ್ರಕಾರ್ಯ ಮತ್ತು ಸಮುದಾಯ ಸಂಪರ್ಕಕ್ಕೂ ಕ್ರೆಡಿಟ್ ಸಿಗುತ್ತಿದೆ. ಸಾಮಾಜಿಕ ಉದ್ಯಮಶೀಲತೆಯನ್ನು ಗಂಭೀರವಾಗಿ ಕಲಿಸಲು ಇದೊಂದು ಒಳ್ಳೆಯ ಅವಕಾಶ.

ಆದರೆ ಗೊಂದಲ ಶುರುವಾಗುವುದೇ ಇಲ್ಲಿ. ಬಟ್ಟೆ ಹಂಚುವುದು ಸೇವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡುವುದು ಸಿಎಸ್‌ಆರ್. ಸಾಮಾಜಿಕ ಉದ್ಯಮ ಇವೆರಡೂ ಅಲ್ಲ. ಜನರ ಸಮಸ್ಯೆ ಬಗೆಹರಿಸುತ್ತಲೇ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ವ್ಯವಹಾರ ಅದು.

ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. 1959ರಲ್ಲಿ ಮುಂಬೈನ ಗಿರಗಾಂವ್‌ನಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸತೊಡಗಿದರು. ಅದೇ ಮುಂದೆ ಲಿಜ್ಜತ್ ಆಯಿತು. ಅಲ್ಲಿ ಹಪ್ಪಳ ಮಾಡುವವರು ಕೂಲಿಯವರಲ್ಲ, ಸಂಸ್ಥೆಯ ಪಾಲುದಾರರು.

ಕರ್ನಾಟಕದ್ದೇ ಇನ್ನೊಂದು ಪಾಠವಿದೆ. ಹರೀಶ್ ಹಂದೆ 1995ರಲ್ಲಿ ಸಹಸ್ಥಾಪಕರಾಗಿ ಆರಂಭಿಸಿದ ಸೆಲ್ಕೋ, ಬಡವರ ಮನೆಗೆ ಸೌರದೀಪ ಒಯ್ದಿತು. ದಿನಗೂಲಿಯಲ್ಲಿ ಬದುಕುವವರಿಗೆ ತಿಂಗಳ ಕಂತು ಭಾರ, ದಿನದ ಲೆಕ್ಕದಲ್ಲಿ ಕಟ್ಟುವುದು ಸುಲಭ. ಇದನ್ನು ಅರಿತು ಗ್ರಾಹಕರ ಆದಾಯಕ್ಕೆ ಹೊಂದುವ ಬ್ಯಾಂಕ್ ಸಾಲಕ್ಕೆ ದಾರಿ ಮಾಡಿದ್ದೇ ಅದರ ಬಲ. 2011ರಲ್ಲಿ ಹಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಡೊಂಬಿವಲಿಯಲ್ಲೂ ಕಲಿಯಲು ಬೇಕಾದಷ್ಟಿದೆ. ಸ್ಟೇಷನ್ ಆಸುಪಾಸಿನ ಪೋಳಿ-ಭಾಜಿ ಕೇಂದ್ರಗಳು ರಾತ್ರಿ ದಣಿದು ಬರುವ ನೌಕರರಿಗೆ ಚಪಾತಿ, ಪಲ್ಯ ಕೊಡುತ್ತವೆ. ಒಂದು ಚಪಾತಿಯ ಬೆಲೆಯಲ್ಲಿ ಅದನ್ನು ಲಟ್ಟಿಸಿದ ಮಹಿಳೆಗೆ ಸಿಗುವುದೆಷ್ಟು? ಗ್ಯಾಸ್ ದರ ಏರಿದರೆ ಹೊರೆ ಯಾರ ಮೇಲೆ? ಲಾಭದಲ್ಲಿ ಆಕೆಗೂ ಪಾಲು ಕೊಟ್ಟರೆ ಅಂಗಡಿ ನಡೆಯುವುದೇ? ಈ ಲೆಕ್ಕ ಹಾಕುವ ವಿದ್ಯಾರ್ಥಿಗೆ ವೆಚ್ಚ, ಬೆಲೆ, ಬಂಡವಾಳ ಎಲ್ಲವೂ ಒಟ್ಟಿಗೇ ಅರ್ಥವಾಗುತ್ತವೆ. ಕಲ್ಯಾಣದ ಕಸ ವಿಂಗಡಣೆಗೂ ಇದೇ ರೀತಿಯ ಲೆಕ್ಕ ಬೇಕು. ಬದಲಿಗೆ ಇಂಟರ್ನೆಟ್‌ನಿಂದ ನಕಲು ಮಾಡಿದ ಪ್ರಾಜೆಕ್ಟ್‌ಗೆ ಸಹಿ ಬಿದ್ದರೆ ಸಿಗುವುದು ಅಂಕ ಮಾತ್ರ.

ಹೆತ್ತವರ ಆತಂಕವೂ ಸುಳ್ಳಲ್ಲ. ಮನೆಸಾಲದ ಕಂತು ಕಟ್ಟುವ ಕುಟುಂಬಕ್ಕೆ ಮಗಳ ಮೊದಲ ಸಂಬಳ ಮುಖ್ಯ. ಪದವಿ ಮುಗಿಸಿದವರೆಲ್ಲ ಉದ್ಯಮ ಕಟ್ಟಬೇಕೆಂದೇನೂ ಇಲ್ಲ. ಆಸಕ್ತಿ ಉಳಿದವರಿಗೆ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2007ರಲ್ಲೇ ಈ ವಿಷಯದಲ್ಲಿ ಸ್ನಾತಕೋತ್ತರ ಪದವಿ ಆರಂಭಿಸಿದೆ. ಉಳಿದವರು ಬ್ಯಾಂಕ್ ಸೇರಿದರೂ ಅಡ್ಡಿಯಿಲ್ಲ. ಮುಂದೊಂದು ದಿನ ಚಪಾತಿ ಲಟ್ಟಿಸುವ ಮಹಿಳೆಯೊಬ್ಬರು ಸಾಲದ ಅರ್ಜಿ ಹಿಡಿದು ಬಂದಾಗ, ಆ ಲೆಕ್ಕವನ್ನು ಓದಬಲ್ಲವರು ಕೌಂಟರ್‌ನ ಆಚೆ ಇರುತ್ತಾರೆ.